ಮೊದಲು ಹಾಕಿದವರು

ಮೂವತ್ತು ದಾಟಿದರೂ ಮನೆಯವರಿಗೆ ಅವಳು ಪುಟ್ಟಿಯೇ. ಗಿಡಗಳ ಜಾಲತಾಣದಲ್ಲಿ ಮಾತ್ರ ಅವಳದು ದೊಡ್ಡ ದರ್ಬಾರು. ಒಂದೇ ಗಿಡದ ಫೋಟೋವನ್ನು ಇಬ್ಬರು ಹಾಕಿದರೆ ಎರಡನ್ನೂ ಸೇರಿಸಿ ಒಂದೇ ಪುಟ ಮಾಡುವ ಕೆಲಸ ಅವಳಿಗೆ ಬಿಟ್ಟದ್ದು. ಸಂಬಳವಿಲ್ಲ, ಗತ್ತಿಗೇನೂ ಕಡಿಮೆಯಿಲ್ಲ. ಯಾರು ಮೊದಲು ಹಾಕಿದರೋ ಅವರ ಪುಟ, ಅವರ ಹೆಸರು ಉಳಿಯಬೇಕು. ಈ ನಿಯಮ ಹೇಳಿಯೇ ಅವಳು ಎಷ್ಟೋ ಜಗಳಗಂಟರ ಬಾಯಿ ಮುಚ್ಚಿಸಿದ್ದಳು.

ಆ ಸಂಜೆ ಎದುರಿಗೆ ಬಂದ ಜೋಡಿಯಲ್ಲಿ ಒಂದು ಅವಳದೇ. ಹಳದಿ ಎಸಳಿನ ಮೇಲೆ ಕಂದು ಚುಕ್ಕೆಯಿದ್ದ ದಾಸವಾಳ, ಬೇರೆ ಯಾರೂ ಹಾಕಿರದಂಥದ್ದು. ಇನ್ನೊಂದು ಅತ್ತಿಗೆಯದು, ಒಂದು ವಾರ ಮುಂಚಿನದು. ಅತ್ತಿಗೆಯ ಫೋಟೋದಲ್ಲಿ ಹೂವಿಗಿಂತ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತಿತ್ತು. ಪುಟ್ಟಿಯ ಕುಂಡದ ಗಿಡವೂ ಅತ್ತಿಗೆ ಮುರಿದುಕೊಟ್ಟ ಕೊಂಬೆಯಿಂದಲೇ ಬಂದದ್ದು.

ಇಂಥ ಫೋಟೋ ಮೇಲಿಟ್ಟರೆ ನೋಡಿದವರು ನಕ್ಕಾರು ಅಂದುಕೊಂಡು, ತನ್ನದನ್ನು ಉಳಿಸಿ ಅತ್ತಿಗೆಯದನ್ನು ಅದರೊಳಗೆ ಸೇರಿಸಿಬಿಟ್ಟಳು. ಫೋಟೋ ಬರೀ ನೆಪ. ಆ ಹೂವಿನ ಮೇಲೆ ತನ್ನ ಹೆಸರು ಬೇಕಿತ್ತು, ಅಷ್ಟೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಭಾನುವಾರ ಅತ್ತಿಗೆ ಚೀಲ ಹಿಡಿದು ಬಂದರು. ಕೂರುವ ಮೊದಲೇ, "ಪುಟ್ಟೀ, ಒಂದು ಎಡವಟ್ಟಾಗಿದೆ ಕಣೇ," ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪುಟ್ಟಿಯ ಕೈ ತಾನಾಗಿಯೇ ಲ್ಯಾಪ್‌ಟಾಪ್ ಮುಚ್ಚಿತು. "ಏನಾಯ್ತು ಅತ್ತಿಗೆ?"

"ಆ ದಾಸವಾಳದ ಪುಟದಲ್ಲಿ ನಿನ್ನ ಹೆಸರಿದೆ, ನೀನು ಆಗಲೇ ಹಾಕಿದ್ದೆ ಅನ್ಸುತ್ತೆ. ನಾನು ನೋಡದೇನೇ ಮತ್ತೆ ಹಾಕ್ಬಿಟ್ಟಿದ್ದೀನಿ. ನಾನೇ ಮೊದಲು ಅಂತ ನಿಮ್ಮಣ್ಣನ ಹತ್ರ, ಮಕ್ಕಳ ಹತ್ರ ಡಂಗುರ ಬೇರೆ ಹೊಡೆದಿದ್ದೆ. ಈಗ ಮನೇಲಿ ದಿನಾ ನನ್ನನ್ನೇ ಆಡ್ಕೊಂಡು ನಗ್ತಾರೆ. ಅದು ಹೋಗ್ಲಿ, ನಿನಗೆ ಸುಮ್ನೆ ಕೆಲಸ ಹಚ್ಚಿದೆ. ಬೇಜಾರು ಮಾಡ್ಕೋಬೇಡ."

ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಪುಟ್ಟಿಗೆ. ನಿಜ ಗಂಟಲವರೆಗೆ ಬಂತು. ಬಾಯಿಂದ ಮಾತ್ರ, "ಪರವಾಗಿಲ್ಲ ಬಿಡಿ ಅತ್ತಿಗೆ," ಅಂತ ಹೊರಬಿತ್ತು. ಕದ್ದವಳು ತಾನು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳೂ ತಾನೇ.

ಅತ್ತಿಗೆಯ ಮುಖ ಹಗುರಾಯಿತು. ಚೀಲದಿಂದ ಒದ್ದೆ ಬಟ್ಟೆ ಸುತ್ತಿದ ಕೊಂಬೆಯೊಂದನ್ನು ತೆಗೆದರು.

"ಇದು ಇನ್ನೊಂದು ಥರದ್ದು, ಬಿಳಿ ಹೂವಿಗೆ ನೇರಳೆ ಗೆರೆ. ನಾನು ಹಾಕೋಕೆ ಹೋಗಲ್ಲಪ್ಪ, ಮತ್ತೆ ಏನಾದ್ರೂ ಎಡವಟ್ಟು ಮಾಡ್ತೀನಿ. ನಿನ್ನ ಹೆಸರಲ್ಲೇ ಹಾಕ್ಕೋ."

ಬೇಡ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕಿತ್ತು. ಪುಟ್ಟಿ ಕೈ ಚಾಚಿ ಕೊಂಬೆಯನ್ನು ತೆಗೆದುಕೊಂಡಳು.