ನಡುಮಧ್ಯಾಹ್ನ ನಿಲ್ಲುವ ಮೋಟಾರು

ಮಾಸೂರಿನಿಂದ ರಟ್ಟೀಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕೆರೆ. ಅದರ ದಂಡೆಯ ಬಾವಿಗೆ ಕೂಡಿಸಿದ ಮೋಟಾರು ಮೇಲಿನ ಹೊಲಗಳಿಗೂ ಕೆಳಗಿನ ಹೊಲಗಳಿಗೂ ನೀರು ಕಳಿಸಬೇಕು. ಆದರೆ ಒಮ್ಮೆಗೆ ಒಂದೇ ಕಡೆ. ಅದನ್ನು ನಡೆಸುವ ಪ್ರೋಗ್ರಾಮು ಬರೆದವಳು ಸವಣೂರಿನ ಹರಿಪ್ರಿಯಾ. ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸಗಳಿಗೆ ಥ್ರೆಡ್ ಎನ್ನುತ್ತಾರೆ. ಮೇಲಿನ ಹೊಲಕ್ಕೊಂದು, ಕೆಳಗಿನ ಹೊಲಕ್ಕೊಂದು ಥ್ರೆಡ್ ಮಾಡಿ, ಎರಡೂ ಮೋಟಾರಿಗಾಗಿ ಜಗ್ಗಾಡದಂತೆ ನಡುವೆ ಒಂದು ಲಾಕ್ ಇಟ್ಟಿದ್ದಳು. ಲಾಕ್ ಹಿಡಿದವರದ್ದು ಮೋಟಾರು. ಅವರು ಬಿಡುವತನಕ ಇನ್ನೊಬ್ಬರು ಕಾಯಬೇಕು.

ಬೇಸಿಗೆ ಬಂದದ್ದೇ, ದಿನಾ ನಡುಮಧ್ಯಾಹ್ನ ಮೋಟಾರು ನಿಲ್ಲತೊಡಗಿತು. ಸ್ವಲ್ಪ ಹೊತ್ತಿಗೆ ತಾನೇ ಶುರುವಾಗುತ್ತಿತ್ತು. ಹರಿಪ್ರಿಯಾ ಸವಣೂರಿನ ಮನೆಯಲ್ಲಿ ಕೂತು ಪರದೆ ನೋಡಿದರೆ, ಎರಡು ಥ್ರೆಡ್ಡುಗಳೂ ಕಾಯುತ್ತ ನಿಂತಿರುತ್ತಿದ್ದವು. ಲಾಕ್ ಮಾತ್ರ ಯಾರದೋ ಕೈಯಲ್ಲಿತ್ತು. ಯಾವುದೋ ಥ್ರೆಡ್ ದೋಷದಿಂದ ಅರ್ಧಕ್ಕೇ ನಿಂತಾಗ ಲಾಕ್ ಬಿಡಲು ಮರೆಯುತ್ತಿರಬೇಕೆಂದು ಆ ಭಾಗವನ್ನೆಲ್ಲ ತಿದ್ದಿ ಬರೆದಳು. ಮರುದಿನವೂ ಅದೇ. ಹಿಡಿದವರು ಯಾರೆಂದು ಹುಡುಕಿದಾಗ ಮೂರನೆಯ ಥ್ರೆಡ್ಡೊಂದರ ಗುರುತು ಬಂತು. ಮೂರನೆಯದನ್ನು ಅವಳು ಬರೆದೇ ಇರಲಿಲ್ಲ.

ಲ್ಯಾಪ್‌ಟಾಪ್ ಹಿಡಿದು ಕೆರೆಗೇ ಹೋದಳು. ಬಾವಿಯ ಪಕ್ಕದ ಮೆಣಸಿನ ಹೊಲದಲ್ಲಿ ಫಕ್ಕೀರವ್ವ ಎಂಬ ಮುದುಕಿ ಕಳೆ ಕೀಳುತ್ತಿದ್ದಳು. ಮೋಟಾರು ನೋಡಿಕೊಳ್ಳುವ ಪರಮೇಶಪ್ಪ ಶೆಡ್ಡಿನಲ್ಲಿ ಇರಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಲೇ ಮೋಟಾರು ಗಂಟಲು ಹಿಸುಕಿದಂತೆ ನಿಂತಿತು. ಪರದೆಯ ಮೇಲೆ ಮತ್ತೆ ಆ ಮೂರನೆಯವ.

ಪ್ರೋಗ್ರಾಮನ್ನೇ ನಿಲ್ಲಿಸಿ ಹೊಸದಾಗಿ ಓಡಿಸಿದರೆ ಲಾಕ್ ಹೇಗೂ ಬಿಟ್ಟುಹೋಗುತ್ತದೆ. “ಚಾಲೂ ಮಾಡೇ ಬಿಡ್ತೇನಿ, ನೋಡೋಣ,” ಎಂದು ಗೊಣಗುತ್ತ ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟಳು.

“ಬ್ಯಾಡವ್ವ!” ಫಕ್ಕೀರವ್ವ ಕುರ್ಪಿ ಬಿಸಾಕಿ ಓಡಿಬಂದಳು. “ಅಂವಾ ಇನ್ನಾ ಮ್ಯಾಲ ಬಂದಿಲ್ಲ.”

“ಯಾರ್ರಿ?”

ಮುದುಕಿ ಬಾವಿಯತ್ತ ಕೈ ಮಾಡಿದಳು. ಬಾವಿಯೊಳಗೆ ಕಬ್ಬಿಣದ ಏಣಿ ಕಿರುಗುಟ್ಟಿತು. ಹರಿಪ್ರಿಯಾ ಬಗ್ಗಿ ನೋಡಿದಳು. ಎದೆಮಟ್ಟ ನೀರಿನಲ್ಲಿ ಪರಮೇಶಪ್ಪ ನಿಂತಿದ್ದ. ಪೈಪಿನ ಬಾಯೊಳಗೆ ಭುಜದತನಕ ಕೈ ತುರುಕಿ, ಸಿಕ್ಕಿಕೊಂಡ ಜೊಂಡುಹುಲ್ಲು ಎಳೆಯುತ್ತಿದ್ದ. ಅವಳ ಕೈ ತಾನಾಗಿ ಕೀಲಿಮಣೆಯಿಂದ ಹಿಂದೆ ಸರಿಯಿತು.

ಅವನು ಮೇಲೆ ಬಂದಾಗ ಅವಳಿಗೆ ಸಿಟ್ಟು ಬಂತು. “ಒಂದ ಮಾತು ಹೇಳದ ಇಳಿದೀರಲ್ಲ ಪರಮೇಶಪ್ಪನವರ!”

“ಈ ಹೊತ್ತಿಗೆ ದಿನಾ ನೀವ ನಿಲ್ಲಸ್ತೀರಲ್ರಿ ಅಕ್ಕಾರ. ಅದಕ್ಕ ಇಳೀತೇನಿ.”

“ನಾ ಒಂದ ದಿನಾನೂ ನಿಲ್ಲಸಿಲ್ಲ. ನೀವ ಏನೋ ಮಾಡಾಕತ್ತೀರಿ ಅಂದ್ಕೊಂಡಿದ್ದೆ.”

ಒದ್ದೆ ಮೈಯ ಪರಮೇಶಪ್ಪ ಬಾವಿಯೊಳಗೆ ತಿರುಗಿ ನೋಡಿದ. ಅವನು ಕಟ್ಟೆಯ ಮೇಲೆ ಕೂತದ್ದೇ ತಡ, ಯಾರೂ ಮುಟ್ಟದೆ ಮೋಟಾರು ಶುರುವಾಯಿತು.

ಆಗ ಫಕ್ಕೀರವ್ವ ಬಾಯಿಬಿಟ್ಟಳು. ಮೊದಲು ಈ ಜೊಂಡು ತೆಗೆಯುತ್ತಿದ್ದವನು ಅವಳ ಗಂಡ. ಒಂದು ಮಧ್ಯಾಹ್ನ ಅವನು ಕೆಳಗಿದ್ದಾಗಲೇ, ಹೋಗಿದ್ದ ಕರೆಂಟು ಮತ್ತೆ ಬಂತು. “ಮೋಟಾರ ತಾನ ಚಾಲೂ ಆತು. ಅಂವಾ ಜೀವಂತ ಮ್ಯಾಲ ಬರಲಿಲ್ಲ. ಒಳಗ ಮನಷ್ಯಾ ಅದಾನ ಅಂತ ಅದಕ್ಕ ಯಾರ ಹೇಳವರು?”

ಹರಿಪ್ರಿಯಾಳಿಗೆ ಆ ಮಾತು ನಾಟಿತು. ಅವಳ ಪ್ರೋಗ್ರಾಮಿನಲ್ಲಿ ಮೇಲಿನ ಹೊಲವಿತ್ತು, ಕೆಳಗಿನ ಹೊಲವಿತ್ತು. ಬಾವಿಗೆ ಇಳಿಯುವವನಿಗೆ ಜಾಗವೇ ಇರಲಿಲ್ಲ. ಆ ವಾರವೇ ಏಣಿಯ ತಲೆಗೆ ಒಂದು ಚಾವಿಯ ಸ್ವಿಚ್ಚು ಕೂಡಿಸಿದಳು. ಅದಕ್ಕೊಂದು ಥ್ರೆಡ್ ಬರೆದಳು. ಇಳಿಯುವವನು ಚಾವಿ ಕಿತ್ತು ಕಿಸೆಗೆ ಹಾಕಿಕೊಂಡರೆ ಲಾಕ್ ಅವನದ್ದು. ಅವನು ಮೇಲೆ ಬಂದು ಚಾವಿ ಹಾಕುವತನಕ ಕರೆಂಟು ಹೋಗಿ ಬಂದರೂ ಮೋಟಾರು ಅಲುಗದು.

ಅಂದಿನಿಂದ ಮೋಟಾರು ತಾನಾಗಿ ನಿಲ್ಲಲಿಲ್ಲ. ಪರಮೇಶಪ್ಪ ಅವಳನ್ನು ಊರೆಲ್ಲ ಹೊಗಳಿಕೊಂಡು ತಿರುಗಿದ.

ಮೆಣಸಿನಕಾಯಿ ಕೆಂಪಾಗುವ ಹೊತ್ತಿಗೆ ಹರಿಪ್ರಿಯಾ ಮತ್ತೆ ಬಂದಳು. ನಡುಮಧ್ಯಾಹ್ನ. ಮೋಟಾರು ಒಂದೇ ಸಮ ಓಡುತ್ತಿತ್ತು. ಫಕ್ಕೀರವ್ವ ಬಾವಿಯ ಕಟ್ಟೆಗೆ ಕಿವಿ ಹಚ್ಚಿ ಕೂತಿದ್ದಳು. ಇವಳನ್ನು ಕಂಡು ಮೆಲ್ಲಗೆ ಕೇಳಿದಳು:

“ದಿನಾ ಈ ಹೊತ್ತಿಗೆ ನಮ್ಮ ಮನಿಯಾಂವ ಬಂದ ಹೋಗತಿದ್ದ, ಯವ್ವಾ. ಇನ್ನ ಬರೂದಿಲ್ಲೇನ ಅಂವಾ?”

ಹರಿಪ್ರಿಯಾ ಮುದುಕಿಯ ಪಕ್ಕಕ್ಕೆ ಕೂತು, ಅವಳ ಮಣ್ಣಾದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.