ಒರೆಸಿದ ಮೇಜು

ಆ ಮನೆಯಲ್ಲಿ ಬಂದೂಕು ನಾದಿನಿಯದು, ತೋಟಾ ತುಂಬುವ ಕೆಲಸ ಅತ್ತಿಗೆಯದು. ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವುದು ನಾದಿನಿಯ ಹುಚ್ಚು. ಹಾರಿಸಿ ಮುಗಿದ ತೋಟಾಗಳನ್ನು ಮತ್ತೆ ತುಂಬಲೆಂದು ತಂದು, ಬಟ್ಟೆ ಹೊಲಿಯುವ ಅತ್ತಿಗೆಯ ಮುಂದೆ ಸುರಿಯುತ್ತಿದ್ದಳು. ಪುಟ್ಟ ಸುತ್ತಿಗೆ, ಮರದ ಕಡ್ಡಿ, ಹಿತ್ತಾಳೆಯ ಅಳತೆ ಚಮಚ, ಇಷ್ಟೇ ಸಲಕರಣೆ.

"ನಮ್ಮತ್ತಿಗೆ ಕೈ ಅಂದ್ರೆ ತಕ್ಕಡಿ ಕಣ್ರೀ!" ಎಂದು ಮೈದಾನದಲ್ಲೆಲ್ಲ ಡಂಗುರ ಹೊಡೆದಿದ್ದಳು. ಬೇರೆ ಯಾವ ಕೆಲಸಕ್ಕೂ ಆ ಮನೆಯಲ್ಲಿ ಅತ್ತಿಗೆಗೆ ಇಂಥ ಹೆಸರು ಸಿಕ್ಕಿರಲಿಲ್ಲ.

ಕೆಲಸಕ್ಕೊಂದು ಕಟ್ಟುಪಾಡಿತ್ತು. ಖಾಲಿ ತೋಟಾ ಬೋರಲು, ಮದ್ದು ಬಿದ್ದದ್ದು ಅಂಗಾತ. ನಿನ್ನೆ ಮಧ್ಯಾಹ್ನ ಅರ್ಧ ಕೆಲಸದಲ್ಲಿ ಗಿರಾಕಿಯೊಬ್ಬಳು ಅಳತೆ ಕೊಡಲು ಬಂದಳು. ಅವಳನ್ನು ಕಳಿಸಿ ಬಂದ ಅತ್ತಿಗೆ, ಮೇಜಿನ ಮೇಲೆ ದಾರದ ಚೂರು ಕಂಡು, ಕೈ ಸುಮ್ಮನಿರದೆ ಎಲ್ಲವನ್ನೂ ಎತ್ತಿ ಒರೆಸಿ, ಇಪ್ಪತ್ತೈದು ತೋಟಾಗಳನ್ನೂ ಚೆಂದವಾಗಿ ಅಂಗಾತವೇ ನಿಲ್ಲಿಸಿಬಿಟ್ಟಳು!

ಕಪ್ಪು ತೋಟಾ, ಕಪ್ಪು ಮದ್ದು. ಬಗ್ಗಿ ನೋಡಿ, ಇದಕ್ಕೆ ಹಾಕಿದೆ, ಇದಕ್ಕಿಲ್ಲ ಎಂದು ಅಂದಾಜಿನಲ್ಲೇ ಹಾಕಿದಳು. ಒಂದೊಂದಕ್ಕೂ ಮದ್ದಿನ ಮೇಲೆ ಬಿರಡೆ ಒತ್ತಿ, ಸೀಸದ ಗುಂಡು ಸುರಿದು, ಬಾಯಿ ಮಡಚಿದಳು. ಇಪ್ಪತ್ನಾಲ್ಕು ಮುಗಿದವು. ಕೊನೆಯದಕ್ಕೆ ನೋಡಿದರೆ ಮದ್ದಿನ ಬಟ್ಟಲು ಖಾಲಿ. ಶುರುವಿನಲ್ಲಿ ಡಬ್ಬಿಯಿಂದ ಇಪ್ಪತ್ತೈದು ಚಮಚ ಅಳೆದೇ ಬಟ್ಟಲಿಗೆ ಹಾಕಿದ್ದಳು. ಹಾಗಾದರೆ ಯಾವುದೋ ಒಂದರಲ್ಲಿ ಎರಡು ಚಮಚ.

ಎಲ್ಲವನ್ನೂ ಕೊಯ್ದು ಮದ್ದು ತೆಗೆಯಬೇಕು, ಯಾಕೆಂದು ನಾದಿನಿಗೆ ಹೇಳಬೇಕು. ಅತ್ತಿಗೆ ಡಬ್ಬಿಯಿಂದ ಇನ್ನೊಂದು ಚಮಚ ಮದ್ದು ತೆಗೆದು, ಕೊನೆಯದನ್ನೂ ತುಂಬಿ, ಪೆಟ್ಟಿಗೆಯ ಮುಚ್ಚಳ ಹಾಕಿದಳು.

ಬೆಳಿಗ್ಗೆ ನಾದಿನಿ ಬೂಟು ಕಟ್ಟುತ್ತಿದ್ದಳು.

"ಇವತ್ತು ಪಂದ್ಯ. ಹರಸಿ ಅತ್ತಿಗೆ."

"ಅಂಗಡೀ ತೋಟಾ ಇದ್ಯಲ್ಲ, ಅದನ್ನೇ ಒಯ್ಯಬಾರ್ದೇನೇ?"

"ಅಯ್ಯೋ, ನಿಮ್ಮ ಕೈಯದು ಇರೋವಾಗ ಅದ್ಯಾಕೆ? ನೋಡ್ತಿರಿ, ಹೀಗೆ ಹಿಡಿದು..." ಬರಿಗೈಯಲ್ಲೇ ಬಂದೂಕು ಹಿಡಿದವಳಂತೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿದಳು.

ಅತ್ತಿಗೆಗೆ ತೆರೆದಿದ್ದ ಇನ್ನೊಂದು ಕಣ್ಣು ಕಂಡಿತು. ಎರಡು ಚಮಚ ಮದ್ದಿಗೆ ಬಂದೂಕಿನ ನಳಿಗೆ ಸಿಡಿದರೆ, ಆ ಕಣ್ಣು ಅದರಿಂದ ಗೇಣು ದೂರವೂ ಇಲ್ಲ. ಅವಳ ಪಕ್ಕದಲ್ಲಿದ್ದ ತೋಟಾ ಪೆಟ್ಟಿಗೆಯನ್ನು ಸೆಳೆದುಕೊಂಡಳು.

"ಬೇಡ. ಇದರಲ್ಲೊಂದಕ್ಕೆ ಎರಡು ಸಲ ಮದ್ದು ಬಿದ್ದಿದೆ. ಯಾವುದೋ ಗೊತ್ತಿಲ್ಲ."

ನಾದಿನಿಯ ಕೈ ಹಾಗೇ ನಿಂತಿತು. "ಯಾವಾಗ ಗೊತ್ತಾಯ್ತು?"

ಈಗ ತಾನೇ ಹೊಳೆಯಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅತ್ತಿಗೆ ಅದನ್ನು ನುಂಗಿದಳು.

"ನಿನ್ನೇನೇ."

ನಾದಿನಿ ಬೈಯಲಿಲ್ಲ. ಕಪಾಟಿನಿಂದ ಅಂಗಡಿಯ ತೋಟಾ ತೆಗೆದು ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ತಿರುಗಿ ನಿಂತಳು.

"ರಾತ್ರಿ ನಿದ್ದೆ ಬಂತಾ ಅತ್ತಿಗೆ?"

ಅತ್ತಿಗೆ ಚಾಕು ಹುಡುಕುವವಳಂತೆ ಮುಖ ತಿರುಗಿಸಿದಳು. ನಿದ್ದೆ ಬಂದಿತ್ತು. ಚೆನ್ನಾಗಿಯೇ ಬಂದಿತ್ತು.