ಇಪ್ಪತ್ತೆರಡು ಅಡಿ

"ಹನ್ನೆರಡಕ್ಕಿಡು. ಬೇಡ, ಹದಿನೈದು. ಹದಿನೈದೂ ಬೇಡ, ಹದಿನೆಂಟು ಮಾಡು ನೋಡೋಣ."

"ಅಣ್ಣ, ಇದೇನು ಹರಾಜಾ?" ಎಂದಳು ಸೌಂಡಕ್ಕ. "ಹದಿನೆಂಟು ಒಂದ್ಸಲ, ಹದಿನೆಂಟು ಎರಡ್ಸಲ. ಮೂರನೇ ಸಲ ಅಂದ್ರೆ ಈ ಯಂತ್ರಾನ ನಿಮ್ಮ ಕೈಗೇ ಕೊಟ್ಟು ನಾನು ಊಟಕ್ಕೆ ಹೋಗ್ತೀನಿ."

ಖಾಲಿ ಸಭಾಂಗಣದ ನಟ್ಟನಡುವೆ, ಕುರ್ಚಿಗಳನ್ನು ಸರಿಸಿ ಹಾಕಿದ್ದ ಮೇಜಿನ ಮುಂದೆ, ತಂಡದ ಧ್ವನಿ ವ್ಯವಸ್ಥೆ ನೋಡಿಕೊಳ್ಳುವ ಅವಳು ಕೂತಿದ್ದಳು. ಗಿಟಾರಿನ ಉದ್ದನೆಯ ವೈರನ್ನು ಬಾಲದ ಹಾಗೆ ಎಳೆದುಕೊಂಡು ವೇದಿಕೆಯಿಂದ ಇಳಿದು ಬಂದಿದ್ದ ಅಣ್ಣ ಅವಳ ಪಕ್ಕ ನಿಂತಿದ್ದ. ನಿಂತಿದ್ದ ಎನ್ನುವುದು ದೊಡ್ಡ ಮಾತಾಯಿತು. ಅವನ ಒಂದು ಕಾಲು ನಿಂತರೆ ಇನ್ನೊಂದು ಕುಣಿಯುತ್ತಿತ್ತು. ಹಲ್ಲಲ್ಲಿ ಕಡಿದೂ ಕಡಿದೂ ತಂತಿ ಮೀಟುವ ಪಿಕ್ಕಿನ ಮೂಲೆ ಇಲಿ ತಿಂದ ಬಿಸ್ಕತ್ತಾಗಿತ್ತು. ಗಿಟಾರಿನ ತಂತಿಗಳನ್ನು ಬಿಗಿ ಮಾಡುವ ಬಿರಡೆಗಳಿದ್ದವು, ಅವನ ನರಗಳನ್ನು ಸಡಿಲ ಮಾಡುವ ಬಿರಡೆ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ.

ಯಾರಿಗೆ ಅಣ್ಣ ಎಂದು ಕೇಳುವ ಹಾಗಿರಲಿಲ್ಲ. ತಂಡದಲ್ಲಿ ಗಿಟಾರಿನವರು ಇಬ್ಬರು, ಒಡಹುಟ್ಟಿದವರು. ಹಾಗಾಗಿ ಒಬ್ಬ ಎಲ್ಲರಿಗೂ ಅಣ್ಣ, ಇನ್ನೊಬ್ಬ ಎಲ್ಲರಿಗೂ ತಮ್ಮ. ಅರವತ್ತು ದಾಟಿದ ಡ್ರಮ್ಮಿನವನೂ ನಲವತ್ತರ ಇವನನ್ನು ಅಣ್ಣ ಎಂದೇ ಕರೆಯುತ್ತಿದ್ದ. ಎರಡು ತಿಂಗಳ ಹಿಂದೆ ಆ ತಮ್ಮ ತಂಡವನ್ನೇ ಬಿಟ್ಟ. ಇಬ್ಬರೂ ಸೇರಿ ತುಂಬುತ್ತಿದ್ದ ಹಾಡುಗಳು ಅಂದಿನಿಂದ ಮಳೆಯಲ್ಲಿ ನೆನೆದ ಬೆಕ್ಕಿನ ಹಾಗೆ ಇದ್ದಕ್ಕಿದ್ದಂತೆ ಸಣಕಲಾಗಿಬಿಟ್ಟವು. ಹಾಡುವವಳು ನೇರವಾಗಿ ಹೇಳಿದ್ದಳು: "ತಮ್ಮನ್ನ ಕರ್ಕೊಂಡು ಬಾ. ಇಲ್ಲ ಅಂದ್ರೆ ಆ ಆರು ಹಾಡು ಬಿಟ್ಟುಬಿಡೋಣ."

"ಅವನು ಯಾಕೆ ಬೇಕು? ಒಂದೇ ಗಿಟಾರಲ್ಲಿ ಇಬ್ಬರನ್ನ ಕೇಳಿಸ್ತೀನಿ, ನೋಡ್ತಿರು," ಎಂದುಬಿಟ್ಟಿದ್ದ ಅಣ್ಣ. ಹೇಳುವಾಗ ನಾಲಿಗೆಗೇನು ಭಾರವಿರಲಿಲ್ಲ. ಈಗ ಮಧ್ಯಾಹ್ನ ಎರಡು ಗಂಟೆ, ಸಂಜೆ ಆರಕ್ಕೆ ಶೋ.

ಉಪಾಯವೇನೋ ಸರಳವಾಗಿತ್ತು. ವೇದಿಕೆಯ ಎಡ ತುದಿಗೊಂದು, ಬಲ ತುದಿಗೊಂದು ಸ್ಪೀಕರ್ ಪೆಟ್ಟಿಗೆ. ಒಂದೇ ಗಿಟಾರಿನ ದನಿ ಎರಡಕ್ಕೂ ಹೋಗುತ್ತದೆ. ಆದರೆ ಬಲಗಡೆಯದಕ್ಕೆ ಹೋಗುವ ಮುಂಚೆ ಸೌಂಡಕ್ಕನ ಮೇಜಿನ ಮೇಲಿರುವ ಪುಟ್ಟ ಯಂತ್ರ ಅದನ್ನು ಒಂದು ಗಳಿಗೆ ತಡೆದು ನಿಲ್ಲಿಸುತ್ತದೆ. ಗಳಿಗೆ ಎಂದರೆ ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅದರಲ್ಲಿ ಹದಿನೈದು, ಇಪ್ಪತ್ತು ಚೂರು. ಅಷ್ಟು ಚಿಕ್ಕ ತಡವನ್ನು ಕಿವಿ ತಡ ಎಂದು ಗುರುತಿಸುವುದಿಲ್ಲ, ಅಗಲ ಎಂದುಕೊಳ್ಳುತ್ತದೆ. ಒಬ್ಬನೇ ಬಾರಿಸಿದ್ದು ಗೋಡೆಯಿಂದ ಗೋಡೆಗೆ ಹರಡಿಕೊಳ್ಳುತ್ತದೆ. ಮೂವತ್ತು ದಾಟಿಸಿದರೆ ಮಾತ್ರ ಬಣ್ಣ ಬಯಲಾಗಿ, ಬಾವಿಯಲ್ಲಿ ಕೂಗಿದ ಹಾಗೆ ಎರಡೆರಡು ಸಲ ಕೇಳಿಸುತ್ತದೆ.

"ಇದೇನಮ್ಮ ಮಿಲಿಸೆಕೆಂಡೋ ಇಲಿಸೆಕೆಂಡೋ! ಹಿಡಿಯೋಕೆ ಹೋದ್ರೆ ಬಿಲ ಸೇರ್ಕೊಳ್ಳುತ್ತೆ," ಎಂದು ಗೊಣಗುತ್ತ ಅಣ್ಣ ತಂತಿಗಳ ಮೇಲೆ ಕೈಯಾಡಿಸಿದ.

ಸಭಾಂಗಣ ತುಂಬಿಹೋಯಿತು. ಎಡಕ್ಕೂ ಬಲಕ್ಕೂ ಯಾರೋ ಬಾಗಿಲು ತೆರೆದಂತಾಯಿತು. ಸೌಂಡಕ್ಕ ಹುಬ್ಬೇರಿಸಿದಳು. ಅಣ್ಣ ಕೂಡಲೇ ಹಾಡುವವಳ ಮೂಗುದನಿ ತೆಗೆದು, ಕತ್ತು ಕೊಂಕಿಸಿ, "ಅಯ್ಯೋ, ತಮ್ಮ ಯಾವಾಗ ಬಂದ? ಹೇಳ್ಲೇ ಇಲ್ಲ ನೀನು!" ಎಂದ. ಎಷ್ಟು ತದ್ರೂಪಾಗಿತ್ತೆಂದರೆ ಸೌಂಡಕ್ಕ ಹೆದರಿ ಬಾಗಿಲ ಕಡೆ ನೋಡಿ, ಆಮೇಲೆ ನಕ್ಕಳು. ಯಾರ ದನಿಯನ್ನು ಬೇಕಾದರೂ ಅವನು ಹೀಗೆ ಜೇಬಿನಿಂದ ತೆಗೆದ ಹಾಗೆ ತೆಗೆಯುತ್ತಿದ್ದ.

"ಸಾಕಲ್ವಾ ಅಣ್ಣ? ಹದಿನೆಂಟು ಖಾಯಂ?"

"ತಡಿ, ನನ್ನ ಜಾಗದಲ್ಲಿ ನಿಂತು ನೋಡ್ತೀನಿ."

ಅವನ ಜಾಗ ವೇದಿಕೆಯ ಎಡ ತುದಿ, ಸ್ಪೀಕರ್ ಪೆಟ್ಟಿಗೆಯ ಮುಂದೆ. ಏಳು ವರ್ಷಗಳಿಂದ ಅದೇ ಜಾಗ. ಅಲ್ಲಿ ನಿಂತು ಬಾರಿಸಿದ ತಕ್ಷಣ ಅವನ ಮುಖ ಹುಳಿ ತಿಂದಂತಾಯಿತು. ಬಲಗಡೆಯದು ಎದ್ದು ಕಾಣುವ ಹಾಗೆ ಹಿಂದೆ ಬೀಳುತ್ತಿತ್ತು.

"ಲೇಟು! ಹತ್ತಕ್ಕೆ ಇಳಿಸು."

ಇಳಿಸಿದಳು.

"ಇನ್ನೂ ಲೇಟು. ಐದು."

ಇಳಿಸಿದಳು.

ಅವನು ತಂತಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದು, ನಾದವಿಲ್ಲದೆ ಬರೀ ಪೆಟ್ಟು ಕೇಳುವ ಹಾಗೆ ಚಕ್, ಚಕ್ ಎಂದು ಹೊಡೆದ. ಕೇಳಿಸಿದ್ದು ಚ-ಚಕ್, ಚ-ಚಕ್. ಒಬ್ಬನ ಹಿಂದೆ ಒಬ್ಬ ಓಡಿ ಬಂದಂತೆ.

"ಅಯ್ಯೋ ಮಹಾರಾಯ್ತಿ, ಯಂತ್ರಾನೂ ನನ್ನ ತಮ್ಮನ ಥರಾನೇ ಆಡ್ತಿದೆಯಲ್ಲೇ! ಸೊನ್ನೆಗೆ ತಗೋ!"

"ಅಣ್ಣ," ಎಂದಳು ಸೌಂಡಕ್ಕ. ಅವಳ ಎರಡೂ ಕೈ ಮೇಲಿದ್ದವು. "ಆಗಲೇ ಆಫ್ ಮಾಡಿಬಿಟ್ಟೆ. ಐದು ಅಂದ್ರಲ್ಲ, ಆವಾಗಲೇ. ನಿಮ್ಮ ಕಾಟ ತಡೆಯೋಕಾಗದೆ."

"ಸುಳ್ಳು. ಇನ್ನೂ ಲೇಟಾಗೇ ಬರ್ತಿದೆ."

ಅವಳು ಎದ್ದು ಬಂದು, ವೇದಿಕೆ ಹತ್ತಿ, ಅವನ ಕಾಲಬುಡದಿಂದ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿಕೊಂಡು ಬಲ ತುದಿಯವರೆಗೆ ಅಡಿ ಎಣಿಸುತ್ತ ನಡೆದಳು. ಆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂಗಿದಳು: "ಇಪ್ಪತ್ತೆರಡು. ಶಬ್ದಕ್ಕೂ ಕಾಲಿದೆ ಅಣ್ಣ, ಅದೂ ನಡ್ಕೊಂಡೇ ಬರಬೇಕು. ಒಂದಡಿಗೆ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡು. ಇಲ್ಲಿಂದ ಹೊರಟಿದ್ದು ನಿಮ್ಮ ಹತ್ತಿರ ಬರೋಷ್ಟರಲ್ಲಿ ಇಪ್ಪತ್ತು ಆಗಿರುತ್ತೆ. ಯಂತ್ರ ಯಾಕೆ ಬೇಕು ಅದಕ್ಕೆ?"

ಅಣ್ಣನ ಕುಣಿಯುತ್ತಿದ್ದ ಕಾಲು ನಿಂತಿತು.

"ಹಾಗಾದ್ರೆ ಅಲ್ಲಿ ನಿಂತು ಯಾರು ಬಾರಿಸಿದ್ರೂ..."

"ನಿಮಗೆ ಲೇಟೇ. ನಾನು ಕೂರೋ ಜಾಗಕ್ಕೆ ಇಬ್ಬರದೂ ಒಟ್ಟಿಗೇ ಬರ್ತಿತ್ತು. ಚೆನ್ನಾಗಿ ಬರ್ತಿತ್ತು." ಅವಳು ಅವನ ಮುಖ ನೋಡಿ ಮಾತು ನಿಲ್ಲಿಸಿದಳು. "ನೀವು ಬೈತಿದ್ರಲ್ಲ, ಅದು ನಿಮ್ಮ ಮನೆ ವಿಷಯ ಅಂದ್ಕೊಂಡಿದ್ದೆ. ನಾನು ಬಂದು ಇನ್ನೂ ಆರು ತಿಂಗಳು."

ಅವನು ವೈರನ್ನು ಎಳೆದುಕೊಂಡು ಬಲ ತುದಿಗೆ ನಡೆದ. ತಮ್ಮನ ಜಾಗದಲ್ಲಿ ಅವನು ಎಂದೂ ನಿಂತವನಲ್ಲ. ಅಲ್ಲಿ ನಿಂತು ಚಕ್ ಎಂದು ಹೊಡೆದ. ಹತ್ತಿರದ ಪೆಟ್ಟಿಗೆ ಥಟ್ಟನೆ ನುಡಿಯಿತು. ಅದರ ಬೆನ್ನಿಗೆ, ದೂರದಿಂದ, ಎಡಗಡೆಯದು ಸೋಮಾರಿಯಂತೆ ಬಂತು. ಇನ್ನೊಮ್ಮೆ ಹೊಡೆದ. ಮತ್ತೂ ಒಮ್ಮೆ. ಪ್ರತಿಸಲವೂ ಹಿಂದೆ ಬೀಳುತ್ತಿದ್ದುದು ಅವನದೇ ಪೆಟ್ಟಿಗೆ.

ಚಿಕ್ಕಂದಿನಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಪೆಟ್ಟಿಗೆ. ಮಂಚದ ಅಂಚಿನಲ್ಲಿ ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿ ಬಾರಿಸುತ್ತಿದ್ದರು. ಇಕ್ಕಟ್ಟಾದ ಹೋಟೆಲುಗಳ ಮೂಲೆಯಲ್ಲಿ ಬಾರಿಸುವಾಗಲೂ ಲೇಟು ಎಂಬ ಮಾತು ಹುಟ್ಟಿರಲಿಲ್ಲ. ದೊಡ್ಡ ವೇದಿಕೆಗಳು ಸಿಕ್ಕ ಮೇಲೆ, ನೋಡಲು ಚೆನ್ನಾಗಿರುತ್ತದೆಂದು ಹಾಡುವವಳು ಇಬ್ಬರನ್ನೂ ಎರಡು ತುದಿಗೆ ಕಳಿಸಿದಳು. ಅಲ್ಲಿಂದ ಶುರು. ಪ್ರತಿ ಶೋ ಮುಗಿದ ಮೇಲೂ ಅಣ್ಣನದು ಒಂದೇ ರಾಗ: "ಕೂದಲೆಳೆಯಷ್ಟು ಲೇಟ್ ಕಣೋ ನೀನು." ತಾಳ ಹಾಕುವ ಯಂತ್ರ ಇಟ್ಟುಕೊಂಡು ತಮ್ಮ ದಿನಾ ಬೆಳಗ್ಗೆ ಎರಡು ಗಂಟೆ ಅಭ್ಯಾಸ ಮಾಡಿದ. ಟಿಕ್ ಟಿಕ್ ಕೇಳಿ ಕೇಳಿ ತನಗೆ ಗಡಿಯಾರದ ಹೊಟ್ಟೆಯೊಳಗೆ ಸಂಸಾರ ಮಾಡಿದಂತಾಗಿದೆ ಎಂದು ಅವನ ಹೆಂಡತಿ ಗೋಳಾಡಿದಳು. ಆದರೂ ಲೇಟು.

ಎರಡು ತಿಂಗಳ ಹಿಂದೆ, ಹಾಡುಗಳ ನಡುವೆ, ಅಣ್ಣ ಮೈಕಿನ ಮುಂದೆ ಹೋಗಿದ್ದ. ತಮ್ಮನ ದನಿ ತೆಗೆದ. ಸ್ವಲ್ಪ ತೊದಲುವ, ಏದುಸಿರಿನ ದನಿ. "ಬ-ಬಂದೇ ಅಣ್ಣಾ, ಚಪ್ಪಲಿ ಹಾಕ್ಕೊಂಡು ಬಂದೇ!" ಆಮೇಲೆ ತನ್ನ ದನಿಯಲ್ಲಿ: "ಇವನು ಹುಟ್ಟಿದ್ದೇ ನನಗಿಂತ ಎರಡು ವರ್ಷ ಲೇಟು ನೋಡಿ, ಇನ್ನೂ ಸಮಕ್ಕೆ ಬಂದಿಲ್ಲ." ಎಂಟುನೂರು ಜನ ಬಿದ್ದು ಬಿದ್ದು ನಕ್ಕರು. ತಮ್ಮನೂ ನಕ್ಕ. ಉಳಿದ ಎರಡು ಹಾಡು ಬಾರಿಸಿ ಮುಗಿಸಿದ. ಮರುದಿನ ಫೋನ್ ಮಾಡಿ, "ಇನ್ನು ನಾನು ಬರಲ್ಲ," ಎಂದ.

ಅಣ್ಣ ಗಿಟಾರಿನಿಂದ ವೈರು ಕಿತ್ತ. ಠಪ್ಪೆಂದು ಎರಡೂ ಪೆಟ್ಟಿಗೆಗಳು ಕೆಮ್ಮಿದವು.

"ಎಲ್ಲಿಗೆ ಅಣ್ಣ? ಹದಿನೆಂಟಾ, ಹದಿನೈದಾ, ಹೇಳಿ ಹೋಗಿ!"

ಅವನು ಆಗಲೇ ಮೆಟ್ಟಿಲಿಳಿದಿದ್ದ.

ತಮ್ಮ ಈಗ ಹೆಂಡತಿಯ ಲಾಂಡ್ರಿ ಅಂಗಡಿಯಲ್ಲಿ ಇಸ್ತ್ರಿಗೆ ನಿಂತಿದ್ದ. ಅಲ್ಲಿಗೆ ನಡೆದರೆ ಇಪ್ಪತ್ತು ನಿಮಿಷ. ಅಣ್ಣ ಬಸ್ಸಿಗೆ ಕಾದ, ಕಾಯಲಾಗದೆ ನಡೆದ, ಅರ್ಧ ದಾರಿಯಲ್ಲಿ ಬಸ್ಸು ಅವನನ್ನು ದಾಟಿಕೊಂಡು ಹೋಯಿತು. ದಾರಿಯುದ್ದಕ್ಕೂ ಮಾತು ಜೋಡಿಸಿದ. ಸೌಂಡಕ್ಕನ ದನಿಯಲ್ಲಿ ಶುರು ಮಾಡಿ ನಗಿಸಲೇ? ಇಲ್ಲ, ಅಪ್ಪನ ದನಿಯಲ್ಲಿ ಗದರಲೇ? ಜೇಬು ತಡಕಿದರೆ ಯಾವ ದನಿಯೂ ಸಿಗಲಿಲ್ಲ.

ಕೌಂಟರಿನಲ್ಲಿ ತಮ್ಮನ ಹೆಂಡತಿ ಅಂಗಿಗಳಿಗೆ ಚೀಟಿ ಚುಚ್ಚುತ್ತಿದ್ದಳು. ತಲೆಯೆತ್ತಿ ನೋಡಿ, ಚೀಟಿ ಚುಚ್ಚುವುದನ್ನು ನಿಲ್ಲಿಸದೆ ಕೇಳಿದಳು: "ಏನ್ ಭಾವ, ಬಟ್ಟೆ ತಂದಿದೀರಾ, ಇಲ್ಲ ಬರೀ ಬಾಯಿ ತಂದಿದೀರಾ?"

"ಬಾಯೀನೂ ಮನೇಲಿಟ್ಟು ಬಂದೆ ಕಣಮ್ಮ. ಒಳಗಿದಾನಾ?"

ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಕೌಂಟರಿನ ಹಲಗೆ ಎತ್ತಿ ದಾರಿ ಬಿಟ್ಟಳು.

ಹಿಂದಿನ ಕೋಣೆ ಬಿಸಿ ಹಬೆಯಿಂದ ಬೆವರುತ್ತಿತ್ತು. ಪ್ಲಾಸ್ಟಿಕ್ ಹೊದ್ದ ಕೋಟುಗಳು ಸಾಲಾಗಿ ತೂಗುತ್ತಿದ್ದವು, ಅವುಗಳಾಚೆ ತಮ್ಮ ಇಸ್ತ್ರಿ ಒತ್ತುತ್ತಿದ್ದ. ಅಣ್ಣನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಸಂಜೆ ಶೋ ಇದೆಯಲ್ಲ ನಿಂಗೆ."

"ಒಂದು ಕೇಳ್ತೀನಿ, ನಿಜ ಹೇಳು." ಕೋಟುಗಳ ಸಂದಿಯಲ್ಲಿ ಅಣ್ಣ ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ ಹಾಕಿದ. ಪ್ಲಾಸ್ಟಿಕ್ಕು ಚರಚರ ಎಂದಿತು. "ಸ್ಟೇಜ್ ಮೇಲೆ ನಿಂಗೆ ನಾನು ಹೆಂಗೆ ಕೇಳಿಸ್ತಿದ್ದೆ?"

"ಹೆಂಗೆ ಅಂದ್ರೆ?"

"ಟೈಮಿಗೆ ಸರಿಯಾಗಿ ಕೇಳಿಸ್ತಿದ್ದೆನಾ?"

ಇಸ್ತ್ರಿ ಬುಸ್ಸೆಂದಿತು. ತಮ್ಮ ಅದನ್ನು ಎತ್ತಿ ನಿಲ್ಲಿಸಿದ.

"ಲೇಟಾಗಿ," ಎಂದ.

"ಎಷ್ಟು?"

"ಕೂದಲೆಳೆಯಷ್ಟು."

"ಯಾವತ್ತಿಂದ?"

"ದೊಡ್ಡ ಸ್ಟೇಜಿಗೆ ಹೋದಾಗಿಂದ."

"ಏಳು ವರ್ಷ! ಒಂದು ದಿನನಾದ್ರೂ ಬಾಯಿ ಬಿಡಬಾರದಿತ್ತೇನೋ?"

"ನೀನು ಅಣ್ಣ ಅಲ್ವಾ." ತಮ್ಮ ಒತ್ತಿದ ಅಂಗಿಯ ಕಾಲರನ್ನು ಬೆರಳಿನಿಂದ ಸವರಿದ. "ನೀನು ಲೇಟು ಅಂತ ನಾನೂ ಸ್ವಲ್ಪ ತಡೆದು, ನಿನ್ನ ಸಮಕ್ಕೆ ಬಾರಿಸೋಣ ಅಂತ ನೋಡ್ದೆ. ಆವಾಗ ಇನ್ನೂ ಜಾಸ್ತಿ ಬೈದೆ ನೀನು."

ಅಣ್ಣ ಕೋಟುಗಳ ಕಂಬಿ ಹಿಡಿದು ನಿಂತ. ಹೇಳಬೇಕೆಂದಿದ್ದ ಲೆಕ್ಕವನ್ನೆಲ್ಲ ಹೇಳಿದ, ತಲೆಬುಡ ಸೇರಿಸಿ, ಹಿಂದುಮುಂದಾಗಿ: ಸೌಂಡಕ್ಕನ ಹೆಜ್ಜೆಗಳು, ಇಪ್ಪತ್ತೆರಡು ಅಡಿ, ಆಫ್ ಆದ ಯಂತ್ರ, ಬಲಗಡೆ ನಿಂತಾಗ ಕೇಳಿದ್ದು. "ನೀನೂ ಲೇಟಲ್ಲ, ನಾನೂ ಲೇಟಲ್ಲ ಕಣೋ. ಬರೀ ದೂರ."

ತಮ್ಮ ಪೂರ್ತಿ ಕೇಳಿಸಿಕೊಂಡ. ಅವನ ತುಟಿಯಂಚಿನಲ್ಲಿ ಏನೋ ಸಡಿಲವಾಯಿತು, ಮತ್ತೆ ಬಿಗಿಯಿತು.

"ಮೈಕಲ್ಲಿ ನನ್ನ ಥರ ತೊದಲಿದೆಯಲ್ಲ," ಎಂದ. "ಅದು ಎಷ್ಟಡಿ?"

ಹೊರಗೆ ಚೀಟಿ ಚುಚ್ಚುವ ಸದ್ದು ನಿಂತಿತು.

"ಅದು ಅಡಿ ಅಲ್ಲ," ಎಂದ ಅಣ್ಣ. ಅವನ ಸ್ವಂತ ದನಿ ಅವನಿಗೇ ಅಷ್ಟು ಪರಿಚಯವಿದ್ದಂತೆ ಕೇಳಿಸಲಿಲ್ಲ. "ಅದು ನಾನೇ. ತಪ್ಪಾಯ್ತು."

ತಮ್ಮ ತಲೆಯೆತ್ತಿದ. ಗೋಡೆ ಗಡಿಯಾರ ಮೂರು ತೋರಿಸುತ್ತಿತ್ತು. ಅವನು ಮೂಲೆಯಲ್ಲಿ ಗುಡ್ಡೆಯಾಗಿದ್ದ ಬಟ್ಟೆಯಿಂದ ಒಂದು ದೊಡ್ಡ ಕಿಟಕಿ ಪರದೆಯನ್ನು ಎಳೆದ. ದಪ್ಪನೆಯ, ಕಡು ನೀಲಿ ಪರದೆ. ಅದರ ಎರಡು ಮೂಲೆಗಳನ್ನು ಹುಡುಕಿ ಅಣ್ಣನ ಕಡೆ ಚಾಚಿದ.

"ಇದನ್ನ ಒಬ್ಬನೇ ಮಡಚೋಕಾಗಲ್ಲ. ಇನ್ನೂ ಮೂರಿವೆ. ಮುಗಿಸ್ಕೊಂಡು ಹೋಗೋಣ."

ಅಣ್ಣ ಮೂಲೆಗಳನ್ನು ಹಿಡಿದು, ಪರದೆ ಬಿಗಿಯಾಗುವವರೆಗೆ ಹಿಂದೆ ಹಿಂದೆ ಸರಿದ. ಬೆನ್ನು ಗೋಡೆಗೆ ತಾಗಿತು. ಇಬ್ಬರೂ ಒಮ್ಮೆ ಜಾಡಿಸಿದರು. ಪರದೆಯ ಮೇಲೊಂದು ಅಲೆ ಎದ್ದು, ತಮ್ಮನ ಕೈಯಿಂದ ಹೊರಟು, ಅಣ್ಣನ ಬೆರಳುಗಳಿಗೆ ಬಂದು ಮುಟ್ಟಿ ಅಡಗಿತು. ಆಮೇಲೆ ಬಟ್ಟೆಯನ್ನು ಎತ್ತಿ ಹಿಡಿದುಕೊಂಡು ಇಬ್ಬರೂ ಒಬ್ಬರತ್ತ ಒಬ್ಬರು ನಡೆದರು.